ಓಣಿ ಹನ್ನೆರಡು ಅಡಿ, ಗಾಡಿ ಆರಡಿ: ದೊಡ್ಡ ಎಸ್‌ಯುವಿ ಯಾಕೆ ತಗೋತೀರಿ?

ಸಪ್ತಾಪುರದವ:
ನಮಸ್ಕಾರ್ರೀ. ಧಾರವಾಡದಲ್ಲಿ ನಮ್ಮ ಓಣಿ ಅಳೆದರೆ ಹನ್ನೆರಡು ಅಡಿ. ಎದುರು ಮನೆಯವರು ದೀಪಾವಳಿಗೆ ಸ್ಕಾರ್ಪಿಯೋ-ಎನ್ ತಂದರು. ಅದರ ಅಗಲ 1,917 ಮಿ.ಮೀ., ಅದೂ ಕನ್ನಡಿ ಬಿಟ್ಟು. ಈಗ ಹಾಲಿನವನು ಕ್ಯಾನ್ ಕೈಯಲ್ಲಿ ಹಿಡಿದು ಸೈಕಲ್ ಓರೆ ಮಾಡಿಕೊಂಡು ದಾಟುತ್ತಾನೆ. ಮಜಾ ಅಂದ್ರೆ ಗಾಡಿ ವಾರದಲ್ಲಿ ಆರು ದಿನ ಕವರ್ ಹೊದ್ದುಕೊಂಡೇ ನಿಂತಿರುತ್ತದೆ, ಯಜಮಾನ್ರು ಕಾಯಿಪಲ್ಲೆ ತರೋದು ಆಕ್ಟಿವಾ ಮೇಲೆ.

ನಾನೂ ಹಳೆ ಸ್ವಿಫ್ಟ್ ಕೊಟ್ಟು ಬೇರೆ ಗಾಡಿ ನೋಡುತ್ತಿದ್ದೇನೆ. ಹುಬ್ಬಳ್ಳಿಗೆ ದಿನಾ ಹೋಗಿ ಬರೋಕೆ ಚಿಗರಿ ಬಸ್ಸು ಇದೆ, ಕಾರು ಬೇಕಾಗೋದು ಊರಿಗೆ ಹೋಗುವಾಗ, ಮದುವೆ ಮುಂಜಿ ಇದ್ದಾಗ. ಆದರೆ ಬೀಗರಿಂದ ಹಿಡಿದು ಆಫೀಸಿನ ಚಹಾದವನವರೆಗೆ ಎಲ್ಲರದೂ ಒಂದೇ ಮಾತು, ತಗೊಂಡ್ರೆ ದೊಡ್ಡದೇ ತಗೋರಿ. ಯಾಕೆ ಅಂದ್ರೆ ರೋಡ್ ಸರಿ ಇಲ್ಲ ಅಂತಾರೆ. ರೋಡ್ ಸರಿ ಇಲ್ಲದ್ದು ಇವತ್ತಿನ ಕಥೆನಾ? ಇಟ್ಟುಕೊಂಡವರು ಮುಚ್ಚುಮರೆ ಇಲ್ಲದೆ ಹೇಳಿ.

ಎರೆಹೊಲ:
ಅಣ್ಣಾ, ನಂದು ಬೊಲೆರೊ, ಹನ್ನೊಂದು ವರ್ಷ ಆಯ್ತು. ನವಲಗುಂದ ಕಡೆ ಎರೆ ಭೂಮಿ ನಮ್ಮದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಅಂಟು. ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಜಾಡು ಆಳಕ್ಕೆ ಬಿದ್ದು ನಡುವೆ ದಿಬ್ಬ ಎದ್ದಿರುತ್ತದೆ, ಅಲ್ಲಿ ಸಣ್ಣ ಕಾರು ಹಾಕಿದರೆ ಚೇಂಬರ್ ಒಡೆದು ಆಯಿಲ್ ಎಲ್ಲ ಹೊಲಕ್ಕೆ.

ಆದ್ರೂ ನಿಜ ಹೇಳ್ತೀನಿ, ಜೋರು ಮಳೆ ಆದ ಮೇಲೆ ಬೊಲೆರೊನೂ ಹೋಗಲ್ಲ. ಟೈರಿನ ಹಲ್ಲಿಗೆಲ್ಲ ಮಣ್ಣು ತುಂಬಿ ಚಕ್ರ ರೊಟ್ಟಿ ಹಂಚಿನ ಹಾಗೆ ನುಣ್ಣಗಾಗುತ್ತದೆ. ಹೋದ ವರ್ಷ ಹೆಸರುಕಾಳು ಬಿಡಿಸುವ ಟೈಮಿನಲ್ಲಿ ಸಿಕ್ಕೊಂಡು, ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸಿದ್ದು. ಎಳೆದವನು ನನ್ನ ತಮ್ಮ, ಇನ್ನೂ ಆಡಿಕೊಳ್ಳುತ್ತಾನೆ. ಬೆಣ್ಣಿಹಳ್ಳ ಬಂದ ದಿನ ಅಂತೂ ಯಾವ ಗಾಡಿನೂ ನೀರಿಗೆ ಇಳಿಸಬಾರದು. ನಾನು ಇಟ್ಟಿರೋದು ಗೊಬ್ಬರದ ಚೀಲಕ್ಕೆ, ಜಾತ್ರೆಗೆ ಒಂಬತ್ತು ಮಂದಿ ಹತ್ತೋಕೆ. ಸಪ್ತಾಪುರದಲ್ಲಿ ಯಾವ ಹೊಲ ಇದೆ ನಿಮಗೆ?

ಕೇಶ್ವಾಪುರ ಅಕ್ಕ:
ವಾರಕ್ಕೆ ಎರಡು ಸಲ ಒಬ್ಬಳೇ ಹಾವೇರಿಗೆ ಓಡಿಸುತ್ತೇನೆ. ಮೊದಲು ಆಲ್ಟೊ ಇತ್ತು. ತಡಸ ದಾಟೋದರೊಳಗೆ ನಾಲ್ಕು ಜನ ಹಿಂದಿನಿಂದ ಡಿಪ್ಪರ್ ಹೊಡೆದು ಹಾರ್ನ್ ಒತ್ತಿ ಪಕ್ಕಕ್ಕೆ ತಳ್ಳೋರು, ಒಬ್ಬನಂತೂ ಕಿಟಕಿ ಇಳಿಸಿ "ಮನ್ಯಾಗ ಇರ್ರಿ" ಅಂದಿದ್ದ. ಈಗ ಹ್ಯಾರಿಯರ್. ಅದೇ ನಾನು, ಅದೇ ಸ್ಪೀಡು, ಯಾರೂ ತಂಟೆಗೆ ಬರಲ್ಲ. ಮರ್ಯಾದೆ ಕೊಡೋದು ತಗಡಿಗೆ. ಇದು ಒಳ್ಳೇದು ಅಂತ ಹೇಳ್ತಿಲ್ಲ, ಆದ್ರೆ ನಾನು ತಗೊಂಡಿದ್ದು ಇದಕ್ಕೇ. ಇನ್ನೊಂದು, ಎತ್ತರ ಕೂತರೆ ಎದುರಿನ ಲೈಟು ಕಣ್ಣಿಗೆ ಅಷ್ಟು ಕುಕ್ಕಲ್ಲ. ಈಗ ನನ್ನ ಲೈಟು ಆಲ್ಟೊದವರ ಕಣ್ಣಿಗೆ ಕುಕ್ಕುತ್ತಿರಬೇಕು.

ಗ್ಯಾರೇಜ್ ಕಾಕಾ:
ತಮ್ಮಾ, ನಾನು ಗಾಡಿಗಳನ್ನು ಕೆಳಗಿನಿಂದ ನೋಡುವವನು. ಎಸ್‌ಯುವಿ ಅಂತ ಬರುವ ಬಹಳಷ್ಟು ಗಾಡಿ ಕೆಳಗೆ ಮಲಗಿ ನೋಡಿದರೆ ಕಾರೇ. ಕ್ರೆಟಾ ಎಳೆಯೋದು ಮುಂದಿನ ಎರಡೇ ಚಕ್ರ. ಸ್ಕಾರ್ಪಿಯೋ-ಎನ್‌ನಲ್ಲೂ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರ ಎಳೆಯೋದು, ಬರೋದು ಡೀಸೆಲ್‌ನ ಕೆಲವು ಮಾಡೆಲ್‌ಗೆ ಮಾತ್ರ. ತಗ್ಗು ತಗ್ಗು ಅಂತೀರಲ್ಲ, ಸ್ವಿಫ್ಟ್ ನೆಲದಿಂದ 163 ಮಿ.ಮೀ., ಕ್ರೆಟಾ 190. ಒಂದೂವರೆ ಬೆರಳಿನ ಎತ್ತರಕ್ಕೆ ಎಷ್ಟು ಲಕ್ಷ ಅಂತ ನೀವೇ ಲೆಕ್ಕ ಹಾಕಿ.

ಸರ್ಕಾರದ ಟ್ಯಾಕ್ಸೂ ಸೇರಿಸಿ ನೋಡಬೇಕು. ಬೊಲೆರೊ ಉದ್ದ 3,995 ಮಿ.ಮೀ. ಯಾಕಿದೆ ಗೊತ್ತಾ? 4,000 ದಾಟಿದರೆ ಟ್ಯಾಕ್ಸ್ ಏರುತ್ತೆ. ದೊಡ್ಡ ಎಸ್‌ಯುವಿಗೆ ಜಿಎಸ್‌ಟಿ 28, ಮೇಲೆ ಸೆಸ್ 22, ಒಟ್ಟು ಶೇ. 50 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40 ಆಯ್ತು, ಸಣ್ಣ ಗಾಡಿಗೆ 18. ನಿಮ್ಮ ಎದುರು ಮನೆಯವರು ದೀಪಾವಳಿಗೇ ಯಾಕೆ ತಂದರು ಅಂತ ಈಗ ಗೊತ್ತಾಯ್ತಲ್ಲ. ಟೈರ್ ಬದಲಿಸೋ ದಿನ ಎಲ್ಲರೂ ನನ್ನ ಹತ್ರ ಬಂದು ಅಳ್ತಾರೆ, ಆವಾಗ ಯಾರೂ ಫೋಟೋ ಹಾಕಲ್ಲ.

ಕಾಲ್ನಡಿಗೆ:
ಒಳಗೆ ಕೂತವರ ಮಾತೇ ಆಯ್ತು, ಹೊರಗಿನವರದ್ದೂ ಕೇಳಿ. ನಮ್ಮ ಅಣ್ಣನ ದೊಡ್ಡ ಎಸ್‌ಯುವಿ ನಿಂತಿದ್ದಾಗ, ಕೀ ಜೇಬಲ್ಲಿಟ್ಟುಕೊಂಡು, ನನ್ನ ಐದು ವರ್ಷದ ಮಗಳನ್ನು ಬಾನೆಟ್ ಮುಂದೆ ನಿಲ್ಲಿಸಿ ಸ್ಟೀರಿಂಗ್ ಹಿಂದೆ ಕೂತೆ. ಜಡೆಯ ರಿಬ್ಬನ್ ಕೂಡ ಕಾಣಲಿಲ್ಲ. "ಅಪ್ಪಾ, ನಾ ಇಲ್ಲೇ ಅದೀನಿ" ಅಂತ ದನಿ ಮಾತ್ರ. ತಗ್ಗಿನ ಬಾನೆಟ್ ಕಾಲಿಗೆ ಬಡಿಯುತ್ತೆ, ಎತ್ತರದ್ದು ಎದೆಗೆ. ಅಮೆರಿಕದಲ್ಲಿ ರಸ್ತೆ ಸುರಕ್ಷತೆ ಅಧ್ಯಯನ ಮಾಡುವ ಐಐಎಚ್‌ಎಸ್ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತ್ತು: ಬಾನೆಟ್ 40 ಇಂಚು ದಾಟಿದ ಗಾಡಿ ಬಡಿದರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗಿಂತ ಪಾದಚಾರಿ ಸಾಯುವ ಸಂಭವ ಸುಮಾರು ಶೇ. 45 ಜಾಸ್ತಿ. ಓಣಿಯಲ್ಲಿ ಮಕ್ಕಳು ಆಡುವ ಊರು ನಮ್ಮದು.

ಸಪ್ತಾಪುರದವ:
ನಿನ್ನೆ ಸಂಜೆ ಎದುರು ಮನೆ ಯಜಮಾನ್ರನ್ನೇ ಕೇಳಿಬಿಟ್ಟೆ. ಚಹಾ ಕೊಟ್ಟು, ಸ್ವಲ್ಪ ಹೊತ್ತು ಸುಮ್ನಿದ್ದು, "ಮಗಳಿಗೆ ಸಂಬಂಧ ನೋಡ್ತಿದ್ವಿ, ಬಂದವರಿಗೆ ಬಾಗಿಲ ಮುಂದೆ ಒಂದು ಗಾಡಿ ಕಾಣಲಿ ಅಂತ" ಅಂದರು. ಸಂಬಂಧ ಕೂಡಿತಂತೆ. ಇನ್ನು ಏಳು ವರ್ಷ ಕಂತು. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು, ಹಾಲಿನವನದು ಇಳಿದಿಲ್ಲ.

ಕಾಕಾ, ನಮ್ಮ ಸ್ವಿಫ್ಟ್‌ನ ಸಸ್ಪೆನ್ಷನ್ ತಗ್ಗಿಗೆ ಇಳಿದಾಗೆಲ್ಲ ಕಟಕಟ ಅನ್ನುತ್ತೆ. ಶನಿವಾರ ತರಲಾ?