ಅಪ್‌ಡೇಟ್: ಬಂದೂಕಿನ ಮಣಿ ಕೂತಿತು, ನಳಿಗೆ ಮುಟ್ಟಲಿಲ್ಲ
ಅಪ್ಪನ ಲೈಸೆನ್ಸ್ ಇರುವ 12 ಬೋರ್ ಬಂದೂಕಿನ ಗುರಿ ಮಣಿ (ಗುರಿ ನೋಡಲು ನಳಿಗೆಯ ತುದಿಯಲ್ಲಿರುವ ಗುಂಡು) ಬಿದ್ದಿದೆ, ಮನೆಯಲ್ಲೇ ಹಾಕಬಹುದಾ, ಗಿಡ್ಡ ನಳಿಗೆಯನ್ನು ಇನ್ನಷ್ಟು ಕತ್ತರಿಸಬಹುದಾ ಅಂತ ಕೇಳಿದ್ದೆ, ಅಲ್ವಾ?

ನಳಿಗೆ ಮುಟ್ಟಿಲ್ಲ. 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನಳಿಗೆ ಕತ್ತರಿಸೋಕೆ ಬೇರೆ ಲೈಸೆನ್ಸ್ ಬೇಕು. ತಡೆದವರಿಗೆ ಮನಸಾರೆ ಥ್ಯಾಂಕ್ಸ್.

ಹಿತ್ತಾಳೆ ಸ್ಕ್ರೂ ತಲೆಯನ್ನು ಅರದಿಂದ ದುಂಡಗೆ ಉಜ್ಜಿ, ಮಣಿಯ ಜಾಗಕ್ಕೆ ಎಪಾಕ್ಸಿ ಅಂಟಿನಲ್ಲಿ ಅಂಟಿಸಿದೆ. ಯಾದಗಿರಿ ಹತ್ತಿರದ ನಮ್ಮ ತೊಗರಿ ಹೊಲದಲ್ಲಿ ಅಪ್ಪ ಕಾಗದಕ್ಕೆ ಹೊಡೆದು ನೋಡಿದರೆ ಚರೆಗಳೆಲ್ಲ ಕೆಳಗೇ ಬಿದ್ದಿದ್ದವು! ಮಣಿ ಎತ್ತರ ಜಾಸ್ತಿಯಾದರೆ ನಳಿಗೆಯ ಮೂತಿ ತಗ್ಗುತ್ತದೆ. ಇನ್ನೊಂದಿಷ್ಟು ಉಜ್ಜಿದ ಮೇಲೆ ಚರೆ ನಡುವಿಗೆ ಬಂತು. ಅಪ್ಪನ ಮುಖ ನೋಡಬೇಕಿತ್ತು.

ಬಂದೂಕಿನ ಹಿಡಿಗೆ 5 ತೋಟಾ ಹಿಡಿಯುವ ಚರ್ಮದ ಪಟ್ಟಿಯನ್ನೂ ಹೊಲಿಸಿದ್ದೇನೆ. ಸದ್ಯ ಸ್ವಲ್ಪ ಬಿಗಿಯಾಗಿದೆ.