ಐದು ತಿಂಗಳಲ್ಲಿ ಮೂರನೇ ಬೆಲ್ಲೋಸ್ ಒಡೆಯಿತು, ಯಾವುದು ಹಾಕಿಸಲಿ?

ಶಿರಾಡಿ_ಸವಾರ, ಹಾಸನ
ತಲೆ ಕೆಟ್ಟುಹೋಗಿದೆ. ನಿನ್ನೆ ಮಂಗಳೂರಿನಿಂದ ಲೋಡ್ ಹಾಕಿಕೊಂಡು ಬರುವಾಗ ಗುಂಡ್ಯ ದಾಟಿದ ಮೇಲೆ ಲಾರಿಯ ಸೈಲೆನ್ಸರ್ ಲೈನಿನಲ್ಲಿ, ಅದೇ ಎರಡು ಪೈಪಿನ ನಡುವೆ ಕೂರುವ ಬಳುಕುವ ಸುಕ್ಕು ಪೈಪು ಬೆಲ್ಲೋಸ್ ಹತ್ತಿರ, ಸಣ್ಣಗೆ ಶಬ್ದ ಶುರುವಾಯಿತು. ಸಕಲೇಶಪುರ ಬರುವ ಹೊತ್ತಿಗೆ ಹಳೇ ಟ್ರ್ಯಾಕ್ಟರ್ ಥರ ಆಗಿತ್ತು. ಕ್ಯಾಬಿನ್ ತುಂಬ ಹೊಗೆ ವಾಸನೆ. ಕ್ಲೀನರ್ ಹುಡುಗ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ ಬಂದ. ಪ್ರತಿ ಸಲ ಹೊಸ ಸಾಮಾನು, ಹೊಸ ಕ್ಲಾಂಪ್, ಕೂಲಿ ಬೇರೆ. ಯಾವ ಬೆಲ್ಲೋಸ್ ಗಟ್ಟಿ, ಅಷ್ಟು ಹೇಳಿ ಸಾಕು.

ಬೇಲೂರು_ಬೋಲ್ಟ್
ಗಾಡಿ ಯಾವುದು ಅಂತಲೇ ಹೇಳಿಲ್ಲವಲ್ಲ ಸ್ವಾಮಿ. ಹೊಗೆ ನಿಯಮದ ಲೆಕ್ಕದಲ್ಲಿ ಹಳೇ ಬಿಎಸ್ 3 ಆದರೆ ಬರೀ ಪೈಪು, ಸೈಲೆನ್ಸರ್. ಬಿಎಸ್ 6 ಆದರೆ ಮಸಿ ಸೋಸುವ ಡಿಪಿಎಫ್ ಡಬ್ಬ ಬರುತ್ತದೆ, ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಸಿಕ್ಕಿಸಲು ಆಗುವುದಿಲ್ಲ.

ಶಿರಾಡಿ_ಸವಾರ
12 ಚಕ್ರ, 2018ರದ್ದು, ಬಿಎಸ್ 4. ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವದ ಟ್ಯಾಂಕ್ ಇದೆ. ಕಂಪನಿ ಹೆಸರು ಬೇಡ, ಬರೆದರೆ ಅದರ ಮೇಲೇ ಜಗಳ ಶುರುವಾಗುತ್ತದೆ.

ಘಾಟಿ_ಗೇರ್
ಎಕ್ಸಾಸ್ಟ್ ಬ್ರೇಕ್, ಅದೇ ಹೊಗೆ ಪೈಪು ಮುಚ್ಚಿ ಗಾಡಿ ನಿಧಾನ ಮಾಡುವ ಬ್ರೇಕ್. ಬೇರೆ ಏನೂ ಅಲ್ಲ. ಡೋಣಿಗಲ್ ಕಡೆಯಿಂದ ಶಿರಾಡಿ ಘಾಟಿ ಇಳಿಯುವಾಗ ಒತ್ತಿಕೊಂಡೇ ಇಳಿಯುತ್ತೀರಿ ತಾನೆ? ಆ ಒತ್ತಡಕ್ಕೆ ಬೆಲ್ಲೋಸ್ ಸೀಳುತ್ತದೆ. ನಾನು 20 ವರ್ಷದಿಂದ ನೋಡುತ್ತಿದ್ದೇನೆ.

ಮೂಡಿಗೆರೆ_ಮಿಸ್ತ್ರಿ
ಅಣ್ಣ, ಎಕ್ಸಾಸ್ಟ್ ಬ್ರೇಕಿನ ಮುಚ್ಚಳ ಎಲ್ಲಿದೆ ನೋಡಿ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಪಕ್ಕದಲ್ಲೇ ಇದ್ದು, ಬೆಲ್ಲೋಸ್ ಅದರ ಹಿಂದೆ ಇದ್ದರೆ, ಮುಚ್ಚಿದಾಗ ಒತ್ತಡ ನಿಲ್ಲುವುದು ಇಂಜಿನ್ ಕಡೆ. ಬೆಲ್ಲೋಸಿಗೆ ತಾಗುವುದೇ ಇಲ್ಲ.

ಶಿರಾಡಿ_ಸವಾರ
ಹೌದು, ಟರ್ಬೊ ಪಕ್ಕದಲ್ಲೇ ಇದೆ. ಬೆಲ್ಲೋಸ್ ಹಿಂದೆ.

ಘಾಟಿ_ಗೇರ್
ಹಿಂದೆ ಇದ್ದರೂ ಅಷ್ಟೇ. ಮುಚ್ಚಳ ತೆಗೆದ ತಕ್ಷಣ ಒಂದೇ ಸಲ ಗ್ಯಾಸ್ ನುಗ್ಗುತ್ತದಲ್ಲ? ಒಂದು ತಿಂಗಳು ಎಕ್ಸಾಸ್ಟ್ ಬ್ರೇಕ್ ಹಾಕದೆ ಓಡಿಸಿ ನೋಡಿ.

ಬೇಲೂರು_ಬೋಲ್ಟ್
ಲೋಡ್ ಹಾಕಿಕೊಂಡು ಶಿರಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಇಲ್ಲದೆ ಇಳಿಯಿರಿ ಅಂತ ಹೇಳುತ್ತೀರಾ? ಡ್ರಮ್ ಕಾದು ಬ್ರೇಕ್ ಹಿಡಿಯದೆ ಹೋದರೆ ಬೆಲ್ಲೋಸ್ ಅಲ್ಲ, ಗಾಡಿಯೇ ಇರುವುದಿಲ್ಲ. ಇಂಥದ್ದನ್ನು ಸುಮ್ನೆ ಬರೆಯಬೇಡಿ.

ಕಾಫಿ_ಲೋಡ್, ಚಿಕ್ಕಮಗಳೂರು
ನಾನು ಆ ತಲೆನೋವೇ ಇಟ್ಟುಕೊಂಡಿಲ್ಲ. ನನ್ನ ಹಳೇ ಬಿಎಸ್ 3 ಗಾಡಿಗೆ ಸೈಲೆನ್ಸರ್ ಒಳಗಿನದೆಲ್ಲ ತೆಗೆಸಿ ಸ್ಟೀಲ್ ಪೈಪ್ ಹಾಕಿಸಿದ್ದೇನೆ. ಕಡೂರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಬೀರೂರಿಗೆ ಕೇಳಬೇಕು. ಮುಂದಿನ ಬಂಪರ್‌ಗೂ ಸ್ಟೀಲ್, ಫೋಟೋ ಹಾಕಲಾ?

ಬೇಲೂರು_ಬೋಲ್ಟ್
ಫೋಟೋ ಬೇಡ. ಇವರ ಗಾಡಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಸೈಲೆನ್ಸರ್ ಒಳಗೇ ಇರುತ್ತದೆ. ಅದನ್ನು ತೆಗೆದರೆ ಸೆನ್ಸರ್ ಸುಮ್ಮನಿರುವುದಿಲ್ಲ. ಲೈಟ್ ಹತ್ತುತ್ತದೆ, ಆಮೇಲೆ ಇಂಜಿನ್ ಪಿಕಪ್ಪೇ ಕೊಡುವುದಿಲ್ಲ. ಪೊಲೀಸ್, ಎಫ್‌ಸಿ ಕಥೆ ಬೇರೆ.

ಕಾಫಿ_ಲೋಡ್
ಆ ಯೂರಿಯಾ ಒಂದು ದಂಡ. ನಮ್ಮ ಕಡೆ ತೋಟದ ಗೊಬ್ಬರವನ್ನೇ ನೀರಿಗೆ ಕಲಕಿ ಹಾಕುತ್ತಾರೆ.

ಮೂಡಿಗೆರೆ_ಮಿಸ್ತ್ರಿ
ಹಾಕುತ್ತಾರೆ, ಆಮೇಲೆ ನಮ್ಮ ಹತ್ತಿರ ಬರುತ್ತಾರೆ. ಟ್ಯಾಂಕಿಗೆ ಹಾಕುವ ದ್ರವದಲ್ಲಿ ಶುದ್ಧ ಯೂರಿಯಾ ಶೇ. 32.5 ಇರಬೇಕು, ಉಳಿದದ್ದು ಖನಿಜ ತೆಗೆದ ನೀರು. ಗೊಬ್ಬರ ಹಾಕಿದರೆ ನಾಜಲ್ ಕಟ್ಟಿಕೊಂಡು ಕ್ಯಾಟಲಿಸ್ಟ್ ಕೂಡ ಹಾಳು.

ಬೆಲ್ಲೋಸ್ ವಿಷಯಕ್ಕೆ ಬರೋಣ. ಶಿರಾಡಿ ಅಣ್ಣ, ಮೂರೂ ಬೆಲ್ಲೋಸ್ ಒಡೆದದ್ದು ಒಂದೇ ಜಾಗದಲ್ಲಾ?

ಶಿರಾಡಿ_ಸವಾರ
ಈಗ ಮೂರನ್ನೂ ಪಕ್ಕದಲ್ಲಿಟ್ಟು ನೋಡಿದೆ. ಮೂರರಲ್ಲೂ ಇಂಜಿನ್ ಕಡೆಯ ತುದಿಯಲ್ಲಿ, ಮೇಲ್ಭಾಗದಲ್ಲಿ ಸೀಳಿದೆ. ಅರ್ಧ ಚಂದ್ರದ ಥರ, ಸುತ್ತ ಕಪ್ಪು ಮಸಿ.

ಮೂಡಿಗೆರೆ_ಮಿಸ್ತ್ರಿ
ಹಾಗಾದರೆ ಸಾಮಾನಿನ ತಪ್ಪಲ್ಲ. ಮುಂದಿನ ಪೈಪು ಇಂಜಿನ್ ಜೊತೆ ಅಲುಗುತ್ತದೆ, ಸೈಲೆನ್ಸರ್ ಚಾಸಿಗೆ ಜೋತುಬಿದ್ದಿರುತ್ತದೆ. ಇವೆರಡರ ನಡುವಿನ ಅಲುಗಾಟ ನುಂಗುವುದಷ್ಟೇ ಬೆಲ್ಲೋಸ್ ಕೆಲಸ. ಪೈಪಿನ ಭಾರ ಹೊರುವುದಲ್ಲ. ಇಂಜಿನ್ ತಣ್ಣಗಾದ ಮೇಲೆ ಎರಡೂ ಕಡೆ ಕ್ಲಾಂಪ್ ಬಿಚ್ಚಿ, ಪೈಪು ತಾನಾಗಿ ಎಲ್ಲಿ ನಿಲ್ಲುತ್ತದೆ ನೋಡಿ. ರಾಡ್ ಹಾಕಿ ಮೀಟಿದರೆ ಮಾತ್ರ ಕೂರುತ್ತದೆ ಅಂದರೆ ನಾಲ್ಕನೆಯದೂ ಒಡೆಯುತ್ತದೆ. ಇಂಜಿನ್ ಮೌಂಟಿಂಗ್ ರಬ್ಬರ್ ಕೂಡ ನೋಡಿ. ಅಂದಹಾಗೆ, ಮೊದಲ ಬೆಲ್ಲೋಸ್ ಒಡೆಯುವ ಮುಂಚೆ ಬೇರೆ ಏನಾದರೂ ಕೆಲಸ ಮಾಡಿಸಿದ್ದಿರಾ?

ಶಿರಾಡಿ_ಸವಾರ
ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಗೇರ್‌ಬಾಕ್ಸ್ ಇಳಿಸಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೂಡಿಗೆರೆ_ಮಿಸ್ತ್ರಿ
ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯರೇ! ಮುಂದಿನ ಪೈಪನ್ನು ಗೇರ್‌ಬಾಕ್ಸಿಗೆ ಹಿಡಿಯುವ ಪಟ್ಟಿ ಇದೆಯಾ ನೋಡಿ. ಗೇರ್‌ಬಾಕ್ಸ್ ಇಳಿಸುವಾಗ ಬಿಚ್ಚಿ, ವಾಪಸ್ ಹಾಕಲು ಮರೆತಿರಬಹುದು.

ಶಿರಾಡಿ_ಸವಾರ, ಆರು ದಿನದ ನಂತರ
ಪಟ್ಟಿ ಇರಲಿಲ್ಲ. ಗೇರ್‌ಬಾಕ್ಸ್ ಮೇಲೆ ಎರಡು ಖಾಲಿ ತೂತು, ಒಳಗೆ ಕೆಸರು ಒಣಗಿ ಕೂತಿತ್ತು. ಕ್ಲಾಂಪ್ ಬಿಚ್ಚಿದ ಕೂಡಲೇ ಪೈಪು ಹೆಬ್ಬೆರಳಗಲ ಕೆಳಗೆ ಇಳಿಯಿತು. ಪಟ್ಟಿ ಎಲ್ಲಿತ್ತು ಗೊತ್ತಾ? ನಮ್ಮದೇ ಟೂಲ್ ಬಾಕ್ಸಿನಲ್ಲಿ, ಜಾಕಿ ಅಡಿ. ಗುಜರಿ ಅಂದುಕೊಂಡು ಐದು ತಿಂಗಳು ಹೊತ್ತು ತಿರುಗಿದ್ದೇನೆ. ಕ್ಲೀನರ್ ಹುಡುಗ ಒಂದು ಸಲ ಟೈರಿಗೆ ಅಡ್ಡ ಕೊಡಲು ಕೂಡ ಅದನ್ನೇ ಇಟ್ಟಿದ್ದ.

ಈಗ ಹೊಸ ಬೆಲ್ಲೋಸ್ ತರಬೇಕು. ಅಳತೆ ಹೇಗೆ ಹೇಳಲಿ?

ಬೇಲೂರು_ಬೋಲ್ಟ್
ಪೈಪಿನ ಹೊರ ಅಳತೆ, ಬೆಲ್ಲೋಸಿನ ಒಳ ಅಳತೆ. ಇದನ್ನು ತಿರುವುಮುರುವು ಮಾಡಿಯೇ ಎಲ್ಲರೂ ಎರಡೆರಡು ಸಲ ಅಂಗಡಿಗೆ ಹೋಗುವುದು. ನಾಲ್ಕು ಇಂಚು ಅಂದರೆ 101.6 ಮಿಲಿಮೀಟರ್, ಆದರೂ ವರ್ನಿಯರ್ ಹಿಡಿದು ಬರೆದುಕೊಂಡು ಹೋಗಿ. ಉದ್ದವನ್ನು ಒಡೆದ ಬೆಲ್ಲೋಸ್ ನೋಡಿ ತೆಗೆದುಕೊಳ್ಳಬೇಡಿ, ಅದು ಎಳೆದುಹೋಗಿರುತ್ತದೆ. ಪಟ್ಟಿ ಕೂರಿಸಿದ ಮೇಲೆ ಎರಡು ಪೈಪಿನ ನಡುವಿನ ಜಾಗ ಅಳೆಯಿರಿ.

ಮೂಡಿಗೆರೆ_ಮಿಸ್ತ್ರಿ
ಕೂರಿಸುವಾಗ ಎಲ್ಲ ಬೋಲ್ಟನ್ನೂ ಸಡಿಲವಾಗಿಯೇ ಹಾಕಿ. ಆಮೇಲೆ ಟರ್ಬೊ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿ ಮಾಡಿ. ಗ್ಯಾಸ್ಕೆಟ್ ಹೊಸದು. ವೆಲ್ಡಿಂಗ್ ಬೇಕಾದರೆ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಇಲ್ಲದಿದ್ದರೆ ಇಂಜಿನ್ ಕಂಪ್ಯೂಟರ್, ಅದೇ ಇಸಿಎಂ, ಹೋಗಬಹುದು.

ಶಿರಾಡಿ_ಸವಾರ
ಹಾಕಿಸಿದೆ. ಮೂರು ಟ್ರಿಪ್ ಆಯಿತು, ಶಬ್ದ ಇಲ್ಲ. ನಿನ್ನೆ ಕೈ ಹಾಕಿ ಅಲ್ಲಾಡಿಸಿ ನೋಡಿದೆ, ಪೈಪು ಜಗ್ಗಲಿಲ್ಲ. ಮಿಸ್ತ್ರಿಗಳೇ, ಮೂಡಿಗೆರೆ ಕಡೆ ಬಂದಾಗ ಕಾಫಿ ನನ್ನದು.

ಘಾಟಿ_ಗೇರ್
ಒಳ್ಳೆಯದಾಯಿತು. ಆದರೂ ಒಂದು ಸಲ ಆ ಎಕ್ಸಾಸ್ಟ್ ಬ್ರೇಕ್ ತೋರಿಸಿಬಿಡಿ.