ಏಂಜೆಲ್ಸ್ ಅಂಡ್ ಡೀಮನ್ಸ್ ಕ್ಲೈಮ್ಯಾಕ್ಸ್ ಯಾರಿಗೆ ಹಿಡಿಸ್ತು, ಯಾರಿಗೆ ಸಿಟ್ಟು ಬಂತು? ಸ್ಪಾಯ್ಲರ್ ಇದೆ, ಓದಿಲ್ಲದೋರು ಹಿಂದೆ ಹೋಗಿ

ನಿದ್ದೆಗೆಟ್ಟವ

ನಿನ್ನೆ ರಾತ್ರಿ ಮೂರು ಗಂಟೆಗೆ ಮುಗಿಸ್ದೆ. 2000ದಲ್ಲಿ ಬಂದ ಡ್ಯಾನ್ ಬ್ರೌನ್ ಥ್ರಿಲ್ಲರ್ ಕಾದಂಬರಿ, ನಾನು ಓದಿದ್ದು ಈಗ, ನಗ್ಬೇಡಿ. ಮುಕ್ಕಾಲು ಭಾಗ ಕೆಳಗಿಡೋಕೇ ಆಗ್ಲಿಲ್ಲ. ಜಿನೀವಾದ ಸರ್ನ್ ಫಿಸಿಕ್ಸ್ ಲ್ಯಾಬ್‌ನಿಂದ ಕದ್ದ ಆಂಟಿಮ್ಯಾಟರ್ (ಮಾಮೂಲಿ ವಸ್ತುಗೆ ತಾಗಿದ್ರೆ ಸಿಡಿಯೋ ಪದಾರ್ಥ) ಡಬ್ಬಿ, ವ್ಯಾಟಿಕನ್ ಕೆಳಗೆಲ್ಲೋ ಟಿಕ್ ಟಿಕ್ ಅಂತಿರೋ ಟೈಮರ್, ಗಂಟೆಗೊಬ್ಬ ಕಾರ್ಡಿನಲ್ (ಪೋಪ್‌ನ ಆರಿಸೋ ಹಿರಿಯ ಪಾದ್ರಿ) ಸಾಯ್ತಾ ಇದಾನೆ, ಹಳೇ ಕಾಲದ ಶಿಲ್ಪಿ ಬರ್ನಿನಿಯ ಒಂದೊಂದು ಶಿಲ್ಪ ಮುಂದಿನ ದಾರಿ ತೋರಿಸ್ತಾ ಇದೆ, ನಾನು ಪಕ್ಕದಲ್ಲಿ ಫೋನ್ ಇಟ್ಕೊಂಡು ರೋಮ್ ಮ್ಯಾಪ್ ನೋಡ್ಕೊಂಡು ಓದ್ತಾ ಇದೀನಿ, ಅಷ್ಟು ಮುಳುಗಿ ಹೋಗಿದ್ದೆ.

ಆಮೇಲೆ ಗೊತ್ತಾಗುತ್ತೆ ಇದನ್ನೆಲ್ಲ ಮಾಡಿಸ್ತಾ ಇದೆ ಅಂದ್ಕೊಂಡಿದ್ದ ಇಲ್ಯುಮಿನಾಟಿ ಅನ್ನೋ ರಹಸ್ಯ ಸಂಘ ಇಲ್ಲವೇ ಇಲ್ಲ ಅಂತ! ಎಲ್ಲಾ ಆ ಕ್ಯಾಮರ್ಲೆಂಗೊ, ಅಂದ್ರೆ ಪೋಪ್ ಸತ್ತಾಗ ವ್ಯಾಟಿಕನ್ ನೋಡ್ಕೊಳ್ಳೋ ಪಾದ್ರಿ, ಒಬ್ನೇ ಕೂತು ಹೆಣೆದ ನಾಟಕ. ನಾನೂರು ಪುಟ ಬೆಟ್ಟ ಅಗೆಸಿ ಕೊನೆಗೆ ಕೈಯಲ್ಲಿ ಇಲಿ ಇಟ್ರು ಅನ್ಸ್ತು. ಅದೂ ಸಾಲ್ದು ಅಂತ ಹೆಲಿಕಾಪ್ಟರ್‌ನಿಂದ ಹೀರೋ ಪ್ರೊಫೆಸರ್ ಲ್ಯಾಂಗ್ಡನ್ ಒಂದು ಟಾರ್ಪಾಲ್ ಹಿಡ್ಕೊಂಡು ಹಾರಿ ನದಿಗೆ ಬಿದ್ದು ಬದುಕ್ತಾನೆ, ಅದಾದ್ಮೇಲೆ ಪೋಪ್‌ಗೆ ಮಗು ಇತ್ತು ಅಂತ ಇನ್ನೊಂದು ಬಾಂಬು. ಒಂದೇ ಪುಸ್ತಕಕ್ಕೆ ಮೂರು ಕ್ಲೈಮ್ಯಾಕ್ಸ್ ಯಾಕೆ ಬೇಕಿತ್ತು ಗುರೂ? ಮೋಸ ಹೋದೆ ಅಂತ ನನಗೊಬ್ನಿಗೇ ಅನ್ಸಿದ್ದಾ, ನಿಮಗೂ ಹಂಗೇನಾ?

ಹಳೇ ಪುಟ

ಮೋಸ ಅಲ್ಲ ಸ್ವಾಮಿ, ಅದೇ ಪುಸ್ತಕದ ಜೀವ. ಇಲ್ಯುಮಿನಾಟಿ ನಿಜವಾಗ್ಲೂ ಇದ್ದಿದ್ರೆ ಇದು ಇನ್ನೊಂದು ಕಳ್ಳ ಪೊಲೀಸ್ ಕಥೆ ಆಗ್ತಿತ್ತು ಅಷ್ಟೆ. ಇಲ್ಲಿ ಗುಮ್ಮ ಬಂತು ಗುಮ್ಮ ಬಂತು ಅಂತ ಕೂಗಿದೋನೇ ಗುಮ್ಮನ ವೇಷ ಹೊಲಿದಿದ್ದು. ಕತ್ತಲಲ್ಲಿ ಹಗ್ಗ ನೋಡಿ ಹಾವು ಅಂದ್ಕೊಳ್ಳೋದು ಬೇರೆ, ಇವನು ಹಗ್ಗ ತಂದು ಹಾಸಿ ದೀಪ ಆರಿಸಿದೋನು.

ಇನ್ನೊಂದು ವಿಷ್ಯ, ಚರಿತ್ರೆ ಗೊತ್ತಿದ್ದೋರಿಗೆ ಮೊದಲಿಂದ್ಲೇ ಅನುಮಾನ ಬರ್ಬೇಕಿತ್ತು. ನಿಜವಾದ ಇಲ್ಯುಮಿನಾಟಿ ಶುರುವಾಗಿದ್ದು 1776ರ ಮೇ 1ಕ್ಕೆ, ಬವೇರಿಯಾದ ಇಂಗೋಲ್‌ಸ್ಟಾಟ್‌ನಲ್ಲಿ, ಆಡಂ ವೈಸ್‌ಹೌಪ್ಟ್ ಅಂತ ಒಬ್ಬ ಪ್ರೊಫೆಸರ್ ಶುರು ಮಾಡಿದ್ದು. ಹತ್ತು ವರ್ಷ ತುಂಬೋದ್ರೊಳಗೆ ಅಲ್ಲಿನ ಸರ್ಕಾರ ಬ್ಯಾನ್ ಮಾಡ್ತು. ಗೆಲಿಲಿಯೋ ಸತ್ತಿದ್ದು 1642, ಬರ್ನಿನಿ 1680. ಪುಸ್ತಕದಲ್ಲಿ ಹೇಳೋ ಹಾಗೆ, ಹುಟ್ಟದೇ ಇರೋ ಸಂಘಕ್ಕೆ ಇವರಿಬ್ರೂ ಹೆಂಗೆ ಮೆಂಬರ್ ಆಗ್ತಾರೆ? ಲೇಖಕರು ಇದನ್ನ ಬೇಕಂತ್ಲೇ ಸುಳಿವಾಗಿ ಇಟ್ರು ಅಂತ ನಾನು ಹೇಳಲ್ಲ, ಅಷ್ಟು ಕ್ರೆಡಿಟ್ ಕೊಡೋಕೆ ಮನಸ್ಸಿಲ್ಲ, ಆದ್ರೆ ಕೊನೆಗೆ ಬಂದು ಕೂತಾಗ ಸರಿಯಾಗಿ ಕೂತ್ಕೊಳ್ಳುತ್ತೆ.

ಎರಡನೇ ಸಲ ಓದಿ ನೋಡಿ. ಕ್ಯಾಮರ್ಲೆಂಗೊ ಟೀವಿ ಮುಂದೆ ನಿಂತು ವಿಜ್ಞಾನಕ್ಕೆ ಸೋಲೊಪ್ಪಿಕೊಳ್ಳೋ ಹಾಗೆ ಮಾತಾಡೋ ಭಾಗ ಇದ್ಯಲ್ಲ, ಮೊದಲ ಸಲ ಓದುವಾಗ ನನ್ನ ಕಣ್ಣಲ್ಲಿ ನೀರು. ಎರಡನೇ ಸಲ ಅದೇ ಮಾತು ಓದ್ತಾ ಮೈ ಚಳಿ ಬಂತು, ಯಾಕಂದ್ರೆ ಅಲ್ಲಿ ಸೋಲ್ತಾ ಇರೋನು ಯಾರೂ ಇಲ್ಲ, ವೋಟು ಕೇಳ್ತಾ ಇರೋನು ಇದಾನೆ. ವ್ಯಾಟಿಕನ್ ಕಾವಲು ಪಡೆ ಸ್ವಿಸ್ ಗಾರ್ಡ್ ಎಲ್ಲಾ ಹುಡುಕಿ ಸುಸ್ತಾದ ಡಬ್ಬಿಯನ್ನ ಇವನು ದೇವರು ಹೇಳ್ದ ಅಂತ ನೇರ ಸಂತ ಪೀಟರ್ ಸಮಾಧಿಗೆ ಓಡಿಹೋಗಿ ಎತ್ಕೊಂಡು ಬರ್ತಾನೆ. ಆಗ್ಲಾದ್ರೂ ನಮಗೆ ಬಡಿಯಬೇಕಿತ್ತು. ನಾವು ಚಪ್ಪಾಳೆ ಹೊಡೀತಾ ಇದ್ವಿ.

ಲೆಕ್ಕ ತಪ್ಪಲ್ಲ

ಇಲ್ಯುಮಿನಾಟಿ ಬಗ್ಗೆ ನಂಗೆ ತಕರಾರಿಲ್ಲ, ಟಾರ್ಪಾಲ್ ಬಗ್ಗೆ ಎರಡು ಮಾತು. ಎಲ್ರೂ ಅದನ್ನೇ ಕಿವಿ ಮೇಲೆ ಹೂವು ಅಂತಾರೆ, ಅದಕ್ಕೇ ಒಂದಿನ ಕೂತು ಲೆಕ್ಕ ಹಾಕ್ದೆ. ಬಟ್ಟೆ ಎಂಟು ಚದರ ಮೀಟರ್ ಅಂತ ನನ್ನದೇ ಅಂದಾಜು ಇಟ್ಕೊಳ್ಳಿ, ಆಳು 80 ಕಿಲೋ. ಬಟ್ಟೆ ಪೂರ್ತಿ ಬಿಚ್ಕೊಂಡು ಮೇಲೆ ನಿಂತ್ರೆ ಬೀಳೋ ವೇಗ ಸೆಕೆಂಡಿಗೆ 11 ಮೀಟರ್ ಹತ್ರ, ಅಂದ್ರೆ ಗಂಟೆಗೆ 40 ಕಿಲೋಮೀಟರ್. ಏನೂ ಇಲ್ದೆ ಬಿದ್ರೆ 200 ಹತ್ರ ಹೋಗುತ್ತೆ. 40ರಲ್ಲಿ ನೀರಿಗೆ ಬಿದ್ರೆ ಮೂಳೆ ಮುರೀಬಹುದು, ಸಾಯ್ಲೇಬೇಕು ಅಂತೇನಿಲ್ಲ. ಹಾಗಾಗಿ ವೇಗದಲ್ಲಿ ತಪ್ಪು ಹುಡುಕ್ಬೇಡಿ, ಕೈಯಲ್ಲಿ ಹುಡುಕಿ. ಬಟ್ಟೆ ಪಟ್ ಅಂತ ಬಿಚ್ಕೊಂಡಾಗ ಬರೋ ಜಗ್ಗಾಟ ಇದ್ಯಲ್ಲ, ಅದನ್ನ ಬರೀ ಬೆರಳಲ್ಲಿ ಹಿಡ್ಕೊಳ್ಳೋಕೆ ಯಾವ ಪ್ರೊಫೆಸರ್ ಕೈಲೂ ಆಗಲ್ಲ, ಮೇಲಾಗಿ ಬಟ್ಟೆ ಸಮನಾಗಿ ನಿಲ್ಲೋದೂ ಇಲ್ಲ, ಗಾಳಿಪಟದ ಥರ ಒಂದು ಕಡೆ ವಾಲಿ ಸುತ್ತುತ್ತೆ.

ಆದ್ರೂ ಒಂದು ಮೆಚ್ಚಬೇಕು, ಒಂದು ಚದರ ಗಜ ಬಟ್ಟೆ ಬೀಳೋ ವೇಗನ ಎಷ್ಟು ತಗ್ಗಿಸುತ್ತೆ ಅಂತ ಶುರುವಿನಲ್ಲೇ ಸರ್ನ್‌ನಲ್ಲಿ ಹೇಳ್ಸಿ ಇಟ್ಟಿದಾರೆ. ಗೂಟ ಮೊದಲೇ ನೆಟ್ಟು ಆಮೇಲೆ ಹಸು ಕಟ್ಟಿದಾರೆ.

ನಿಜವಾದ ಹೂವು ಆ ಡಬ್ಬಿ. ಕಾಲು ಗ್ರಾಂ ಆಂಟಿಮ್ಯಾಟರ್ ಕಾಲು ಗ್ರಾಂ ಮಾಮೂಲಿ ವಸ್ತು ಜೊತೆ ಸೇರಿದ್ರೆ ಹತ್ತು ಕಿಲೋಟನ್ ಟಿಎನ್‌ಟಿ ಸಿಡಿಮದ್ದಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಬರುತ್ತೆ, ಲೆಕ್ಕ ಓಕೆ. ಆದ್ರೆ ಕಾಲು ಗ್ರಾಂ ತರೋದೆಲ್ಲಿಂದ? ತಾವು ಇಲ್ಲಿ ತನಕ ಮಾಡಿರೋದನ್ನೆಲ್ಲ ಒಟ್ಟು ಸೇರಿಸಿದ್ರೂ ಒಂದು ಬಲ್ಬು ಕೆಲವು ನಿಮಿಷ ಉರಿಯುತ್ತೆ ಅಷ್ಟೆ ಅಂತ ಸರ್ನ್‌ನವರೇ ಹೇಳಿದಾರೆ. ಅದನ್ನ ನುಂಗ್ಕೊಂಡೋರು ಟಾರ್ಪಾಲ್‌ಗೆ ಕೆಮ್ತಾರೆ ನೋಡಿ, ಅದು ನನಗೆ ತಮಾಷೆ.

ಚುಟುಕು

ಹಿಡಿಸ್ಲಿಲ್ಲ. ಕಾರ್ಡಿನಲ್‌ಗಳೆಲ್ಲ ಒಟ್ಟಿಗೆ ಹೆಸರು ಕೂಗಿ ಕ್ಯಾಮರ್ಲೆಂಗೊನನ್ನೇ ಪೋಪ್ ಮಾಡಿಬಿಡ್ತಾರಲ್ಲ, ಹಾಗೆ ಜೈಕಾರದಲ್ಲಿ ಆರಿಸೋ ಪದ್ಧತಿನ ಎರಡನೇ ಜಾನ್ ಪಾಲ್ 1996ರಲ್ಲೇ ತೆಗೆದುಹಾಕಿದ್ರು. ಪುಸ್ತಕ ಬಂದಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಇಷ್ಟು ರಿಸರ್ಚ್ ಅಂತ ಕೊಚ್ಕೊಳ್ಳೋ ಪುಸ್ತಕದಲ್ಲಿ ಇಡೀ ಕ್ಲೈಮ್ಯಾಕ್ಸ್ ನಿಂತಿರೋದೇ ರದ್ದಾದ ರೂಲ್ ಮೇಲೆ. ಅಷ್ಟೆ ನಂದು.

ಬೆಳದಿಂಗಳು

ನೀವೆಲ್ಲ ಹೆಲಿಕಾಪ್ಟರ್ ಸುತ್ತಾನೇ ಗಿರಕಿ ಹೊಡೀತಿದೀರ, ನನಗೆ ಬೇಜಾರಾಗಿದ್ದು ಆ ಮೂರನೇ ಕ್ಲೈಮ್ಯಾಕ್ಸ್. ಬೇಡವಾಗಿತ್ತು ಅಂತಲ್ಲ, ಅದೇ ಎಲ್ಲಕ್ಕಿಂತ ದೊಡ್ಡದು, ಅದನ್ನ ಅವಸರದಲ್ಲಿ ಮುಗಿಸಿಬಿಟ್ರು ಅಂತ.

ಯೋಚ್ನೆ ಮಾಡಿ, ಪೋಪ್ ತಾನು ಅಪ್ಪ ಅನ್ನೋದನ್ನ ಬಾಯಿಬಿಟ್ಟು ಹೇಳೋದಿಕ್ಕೆ ಈ ಕ್ಯಾಮರ್ಲೆಂಗೊ ಹುಡುಗನನ್ನ ಕೂರಿಸ್ಕೊಳ್ತಾರೆ. ನನಗೊಂದು ಮಗು ಇದೆ ಅಂತಾರೆ. ಅಷ್ಟಕ್ಕೇ ಇವನಿಗೆ ಭೂಮಿ ಬಾಯಿಬಿಟ್ಟ ಹಾಗಾಗಿ ಎದ್ದು ಓಡಿಹೋಗ್ತಾನೆ. ವ್ರತ ಮುರಿದೇ ಇಲ್ಲ, ಕೃತಕ ಗರ್ಭಧಾರಣೆಯಿಂದ ಆದ ಮಗು ಅದು, ಆ ಮಗು ನೀನೇ ಕಣೋ ಅನ್ನೋ ಮಾತು ಬಾಯಲ್ಲೇ ಉಳಿದುಹೋಗುತ್ತೆ. ಇನ್ನು ಎರಡು ನಿಮಿಷ ಕೂತಿದ್ರೆ ಈ ಪುಸ್ತಕದಲ್ಲಿ ಒಂದು ಹೆಣವೂ ಬೀಳ್ತಿರ್ಲಿಲ್ಲ. ಅದರ ಬದಲು ಅವರಿಗೆ ಕೊಡೋ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ಹೆಪಾರಿನ್ ಔಷಧಿಯನ್ನೇ ಮಿತಿಮೀರಿ ಕೊಟ್ಟು ಹೆತ್ತಪ್ಪನ್ನೇ ಕೊಲ್ತಾನೆ. ಬೇಲಿ ಎದ್ದು ಹೊಲ ಮೇಯ್ದಿದ್ದು ಮಾತ್ರ ಅಲ್ಲ ಇದು, ತನ್ನ ಬೇರನ್ನ ತಾನೇ ಕಡಿದಿದ್ದು.

ಇದನ್ನ ಹಿರಿಯ ಕಾರ್ಡಿನಲ್ ಮೊರ್ತಾಟಿ ಬಾಯಲ್ಲಿ ವರದಿ ಓದಿದ ಹಾಗೆ ಹೇಳ್ಸಿ, ಕ್ಯಾಮರ್ಲೆಂಗೊ ಕೈಲಿ ತನಗೇ ಬೆಂಕಿ ಹಚ್ಚಿಸಿ, ಸರಸರ ಮುಂದೆ ಹೋಗ್ಬಿಟ್ರು. ಆ ಸತ್ಯ ಕೇಳಿದ ಮೇಲೆ ಅವನು ಒಬ್ನೇ ಇರೋ ಹೊತ್ತಿನ ಒಳಗೆ ನಿಲ್ಲಿಸ್ಬೇಕಿತ್ತು ನಮ್ಮನ್ನ. ಕಾರ್ಡಿನಲ್‌ಗಳ ಕೊಲೆಗೆ ಪುಟಗಟ್ಲೆ, ಅಪ್ಪ ಮಗನಿಗೆ ಚಿಟಿಕೆಯಷ್ಟು. ಇದು ನ್ಯಾಯನಾ?

ನಿದ್ದೆಗೆಟ್ಟವ

ಹಳೇ ಪುಟ ಹೇಳಿದ್ರಲ್ಲ ಅಂತ ಆ ಟೀವಿ ಭಾಷಣ ಮತ್ತೆ ತೆಗೆದು ಓದ್ದೆ. ಹೌದು, ಒಪ್ತೀನಿ, ಈಗ ಬೇರೇನೇ ಕೇಳ್ಸುತ್ತೆ. ಸರ್ನ್‌ನಲ್ಲಿ ಬರೋ ಚದರ ಗಜದ ಮಾತೂ ಸಿಕ್ತು, ನಾನು ಆ ಪುಟ ಹಾರಿಸ್ಕೊಂಡು ಓದಿದ್ದೆ ಅನ್ಸುತ್ತೆ, ನನ್ನದೇ ತಪ್ಪು. ಇಲ್ಯುಮಿನಾಟಿ ಇಲ್ಲ ಅನ್ನೋ ಸಿಟ್ಟು ಅರ್ಧ ಇಳೀತು, ಪೂರ್ತಿ ಇಳಿದಿಲ್ಲ, ಯಾಕಂದ್ರೆ ಲ್ಯಾಂಗ್ಡನ್ ಕಷ್ಟಪಟ್ಟು ಬಿಡಿಸಿದ ಒಗಟೆಲ್ಲ ಯಾರದೋ ನಾಟಕಕ್ಕೆ ಸೆಟ್ಟು ಅಂತ ಗೊತ್ತಾದಾಗ ಅವನ ಜೊತೆ ಓಡಿದ ನಾನೂ ಪೆದ್ದ ಆದ್ನಲ್ಲ ಅಂತ. ಬೆಳದಿಂಗಳು ಅವರು ಬರೆದಿದ್ದು ಓದಿದ್ಮೇಲೆ ಮೂರನೇ ಕ್ಲೈಮ್ಯಾಕ್ಸ್‌ನ ಬೈದಿದ್ದಕ್ಕೆ ಸ್ವಲ್ಪ ನಾಚಿಕೆ ಆಯ್ತು, ನಾನು ಅಷ್ಟೊತ್ತಿಗೆ ಸುಸ್ತಾಗಿದ್ದೆ ಅಷ್ಟೆ.

ಸಿನಿಮಾ ನೋಡ್ಲಾ ಹೇಳಿ. 2009ರದ್ದು.

ಬೆಳದಿಂಗಳು

ನೋಡಿ, ಆದ್ರೆ ಅಪ್ಪ ಮಗನ ವಿಷ್ಯ ಅಲ್ಲಿ ಪೂರ್ತಿ ಕಟ್, ಸಾಕುಮಗ ಅಂತ ಮಾಡಿ ಕೈ ತೊಳ್ಕೊಂಡಿದಾರೆ. ಪುಸ್ತಕದಲ್ಲಿ ಸಾಯೋ ನಾಲ್ಕನೇ ಕಾರ್ಡಿನಲ್ ಅಲ್ಲಿ ಬದುಕ್ತಾರೆ, ಕೊನೆಗೆ ಪೋಪ್ ಕೂಡ ಆಗ್ತಾರೆ.

ಲೆಕ್ಕ ತಪ್ಪಲ್ಲ

ಹೆಲಿಕಾಪ್ಟರ್ ಒಳಗೆ ಲ್ಯಾಂಗ್ಡನ್‌ನ ಹುಡುಕೋಕೆ ಹೋಗ್ಬೇಡಿ. ಟಾರ್ಪಾಲ್ ಲೆಕ್ಕ ಸಿನಿಮಾದೋರೂ ಹಾಕಿರ್ಬೇಕು, ಅವನನ್ನ ಕೆಳಗೇ ನಿಲ್ಲಿಸಿದಾರೆ.